ಶುಗರ್ ಇದ್ದವರಿಗೆ ಸ್ಕ್ರೂ ಹಲ್ಲು ನಿಲ್ಲುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನವರ ಕೈಗೆ ಒಂದು ಪ್ಲಾಸ್ಟಿಕ್ ದವಡೆ ಕೊಟ್ಟಿದ್ದೇನೆ. ನೋಡಿ ಹಿಂದಕ್ಕೆ ದಾಟಿಸಿ. ಅದರ ಒಂದು ಕಡೆ ಮೂಳೆಯನ್ನು ಸೀಳಿ ತೋರಿಸಿದ್ದಾರೆ. ಒಳಗೆ ಕಾಣುವ ಬೂದು ಬಣ್ಣದ ತಿರುಪೇ ಇಂಪ್ಲಾಂಟ್. ಟೈಟಾನಿಯಂ ಎಂಬ ಲೋಹದ ಈ ತಿರುಪನ್ನು ಹಲ್ಲು ಹೋದ ಜಾಗದ ಮೂಳೆಗೆ ಕೂರಿಸಿ, ಅದರ ಮೇಲೆ ಕೃತಕ ಹಲ್ಲು ಹಾಕುತ್ತೇವೆ. ಕ್ಲಿನಿಕ್ಕಿಗೆ ಬರುವವರು ‘ಸ್ಕ್ರೂ ಹಲ್ಲು’ ಅನ್ನುತ್ತಾರೆ, ನಾನೂ ಇವತ್ತು ಹಾಗೇ ಕರೆಯುತ್ತೇನೆ.

‘ಡಾಕ್ಟ್ರೇ, ನನಗೆ ಹತ್ತು ವರ್ಷದಿಂದ ಶುಗರ್. ಇದು ನಿಲ್ಲುತ್ತಾ?’ ಈ ಪ್ರಶ್ನೆ ಬಾರದ ವಾರವೇ ಇಲ್ಲ. ಕೇಳುವವರು ಆಗಲೇ ಎರಡು ಉತ್ತರ ಕೇಳಿಸಿಕೊಂಡು ಬಂದಿರುತ್ತಾರೆ. ನೆಂಟರು ‘ಶುಗರ್ ಇದ್ದವರು ಬಾಯಿಗೆ ಕತ್ತರಿ ಹಾಕಿಸಲೇಬಾರದು’ ಅಂದಿರುತ್ತಾರೆ. ಇನ್ಯಾರೋ ‘ಈಗೆಲ್ಲ ಏನೂ ಆಗಲ್ಲ, ಹಾಕಿಸಿಕೊಳ್ಳಿ’ ಅಂದಿರುತ್ತಾರೆ. ಮೊದಲ ಮಾತು ನಂಬಿ ವರ್ಷಗಟ್ಟಲೆ ಹಲ್ಲಿಲ್ಲದೆ ಕಳೆದವರನ್ನು ನೋಡಿದ್ದೇನೆ. ಎರಡನೆಯದನ್ನು ನಂಬಿ, ಸಡಿಲಾಗಿ ಬಿದ್ದ ಸ್ಕ್ರೂವನ್ನು ಕಾಗದದಲ್ಲಿ ಸುತ್ತಿಕೊಂಡು ತಂದವರನ್ನೂ ನೋಡಿದ್ದೇನೆ. ಎರಡೂ ಸಂಕಟವೇ.

ಸಕ್ಕರೆ ಕಾಯಿಲೆಯವರಿಗೆ ಹಲ್ಲು ಹೋಗುವುದು ಸಣ್ಣ ವಿಷಯವಲ್ಲ. ನಮ್ಮದು ಮುದ್ದೆ ನುಂಗುವ ಸೀಮೆ. ದವಡೆ ಹಲ್ಲು ಇಲ್ಲವೆಂಬುದು ಊಟದಲ್ಲಿ ಬೇಗ ಗೊತ್ತೇ ಆಗುವುದಿಲ್ಲ. ಆದರೆ ತಟ್ಟೆ ನೋಡಿ: ಕೋಸಂಬರಿ, ಸೌತೆಕಾಯಿ, ಮೊಳಕೆ ಕಾಳು, ಕಡಲೆಕಾಯಿ ಒಂದೊಂದಾಗಿ ಮಾಯವಾಗಿ, ಮೆತ್ತಗೆ ಬೆಂದ ಅನ್ನ, ಹಾಲಿಗೆ ಅದ್ದಿದ ಬ್ರೆಡ್ಡು ಉಳಿದಿರುತ್ತವೆ. ತಿನ್ನಿ ಎಂದು ಶುಗರ್ ಡಾಕ್ಟರು ಹೇಳಿದ್ದನ್ನು ಅಗಿಯಲಾಗುವುದಿಲ್ಲ, ಬೇಡ ಎಂದದ್ದಷ್ಟೇ ಗಂಟಲಲ್ಲಿ ಇಳಿಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇಷ್ಟು ಜನರಿಗೆ ‘ನಿಮಗೆ ಆಗುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಕಂಡದ್ದು 1950ರ ದಶಕದಲ್ಲಿ, ಮೊಲದ ಕಾಲಿನ ಮೂಳೆಯಲ್ಲಿ. ರಕ್ತಸಂಚಾರ ನೋಡಲೆಂದು ಕೂರಿಸಿದ್ದ ಲೋಹದ ತುಂಡು ಕೊನೆಗೆ ಕೀಳಲು ಬರಲಿಲ್ಲ. 1965ರಲ್ಲಿ ಅದನ್ನೇ ಮನುಷ್ಯನ ದವಡೆಗೆ ಹಾಕಿದರು. ಆ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಆ ಇಂಪ್ಲಾಂಟ್‌ಗಳು ಅವರ ಬಾಯಲ್ಲಿದ್ದವು.

ಬೆಸುಗೆ ಒಂದೇ ದಿನದ್ದಲ್ಲ. ಬೇಲಿಗೆ ಹಾಲವಾಣದ ಗೂಟ ನೆಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ನೆಟ್ಟ ದಿನ ಗೂಟ ನಿಂತಿರುವುದು ಸುತ್ತ ಗುದ್ದಿದ ಮಣ್ಣಿನ ಬಿಗಿಯಿಂದ. ಮಳೆ ಬಿದ್ದು ಮಣ್ಣು ಸಡಿಲವಾಗುವಷ್ಟರಲ್ಲಿ ಬೇರು ಬಿಟ್ಟಿರಬೇಕು. ನಡುವಿನ ಆ ಕೆಲವು ವಾರಗಳಲ್ಲಿ ದನ ಬಂದು ಉಜ್ಜಿದರೆ ಗೂಟ ಅಲುಗಾಡಿ ಒಣಗುತ್ತದೆ. ಸ್ಕ್ರೂವಿನ ಕತೆಯೂ ಅದೇ. ಮೊದಲು ಹಿಡಿದಿಡುವುದು ತಿರುಪಿನ ಬಿಗಿ. ಕೆಲ ವಾರದಲ್ಲಿ ಸುತ್ತಲಿನ ಹಳೆಯ ಮೂಳೆ ಸವೆದು, ಹೊಸ ಮೂಳೆ ಬಂದು ಹಿಡಿಯಬೇಕು.

ಸಕ್ಕರೆ ಅಡ್ಡ ಬರುವುದು ಅಲ್ಲೇ. ರಕ್ತದಲ್ಲಿ ಗ್ಲೂಕೋಸ್ ಸದಾ ಹೆಚ್ಚಿದ್ದರೆ ಮೂಳೆ ಕಟ್ಟುವ ಜೀವಕೋಶಗಳು ನಿಧಾನವಾಗುತ್ತವೆ, ಸಣ್ಣ ರಕ್ತನಾಳಗಳು ಕೆಡುತ್ತವೆ, ಸೋಂಕಿನ ಮೇಲೆ ಬೀಳಬೇಕಾದ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಹಾಗೆಂದು ಬೇರು ಬಿಡುವುದೇ ಇಲ್ಲವೆಂದಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಓಟ್ಸ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಸಕ್ಕರೆ ಕಾಯಿಲೆ ಇಲ್ಲದವರು, ಹತೋಟಿಯಲ್ಲಿಟ್ಟವರು, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8 ದಾಟಿದವರು, ಹೀಗೆ ಮೂರು ಗುಂಪಿನವರ ಕೆಳದವಡೆಗೆ ಇಂಪ್ಲಾಂಟ್ ಹಾಕಿದರು. ಹಲ್ಲು ಕೂರಿಸಿ ಒಂದು ವರ್ಷವಾದಾಗ ಮೂರೂ ಗುಂಪಿನಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು ಉಳಿದಿದ್ದವು. ಆದರೆ ಶುಗರ್ ಹೆಚ್ಚಿದ್ದವರಲ್ಲಿ ಅವು ಗಟ್ಟಿಯಾಗಲು ಹೆಚ್ಚು ಕಾಲ ಹಿಡಿಯಿತು. ಅಂದರೆ ಅವರಿಗೆ ಬೇಕಾದದ್ದು ಬೇಲಿ ಕಾಯುವ ಇನ್ನಷ್ಟು ವಾರಗಳು. ‘ಮೂರೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತು ಕಂಡಾಗ ನನಗೆ ಭಯವಾಗುವುದು ಇದಕ್ಕೇ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ. ಆ ಲೆಕ್ಕ ಒಂದು ವರ್ಷದ್ದು. ನಿಮಗೆ ಬೇಕಿರುವುದು ಇಪ್ಪತ್ತು ವರ್ಷದ ಹಲ್ಲು. ಸ್ಕ್ರೂ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಅದರ ಸುತ್ತಲಿನ ವಸಡಿಗೆ ಸೋಂಕು ಹತ್ತುತ್ತದೆ. ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ನಾರಿನ ಪದರ ಇರುತ್ತದೆ, ಇದಕ್ಕೆ ಇಲ್ಲ. ಸೋಂಕು ತಡೆಯಿಲ್ಲದೆ ಮೂಳೆಗಿಳಿಯುತ್ತದೆ, ಅದೂ ಹೆಚ್ಚಿನ ಸಲ ನೋವೇ ಇಲ್ಲದೆ. ಸಕ್ಕರೆ ಹತೋಟಿ ತಪ್ಪಿದವರಲ್ಲಿ ಈ ಅಪಾಯ ಹೆಚ್ಚು. ಜೊತೆಗೆ ಬೀಡಿ, ಗುಟ್ಕಾ, ಹೊಗೆಸೊಪ್ಪು ಸೇರಿದರೆ ನಾನು ಸ್ಕ್ರೂ ಹಾಕಲು ಒಪ್ಪುವುದಿಲ್ಲ. ವಸಡಿನ ಕಾಯಿಲೆಯನ್ನು ಡಯಾಬಿಟಿಸ್‌ನ ಆರನೆಯ ತೊಡಕು ಎಂದು ದಂತವಿಜ್ಞಾನಿ ಹೆರಾಲ್ಡ್ ಲೋ 1993ರಲ್ಲೇ ಕರೆದರು. ಇದು ಎರಡೂ ದಿಕ್ಕಿನ ದಾರಿ: ವಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿದರೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ.

ಆದ್ದರಿಂದ ಬರುವಾಗ ಮೂರು ತಿಂಗಳ ಶುಗರ್ ಟೆಸ್ಟ್, ಅಂದರೆ ಎಚ್‌ಬಿಎ1ಸಿ ಚೀಟಿ ತನ್ನಿ. ಬೆಳಗಿನ ಒಂದು ಫಾಸ್ಟಿಂಗ್ ರಿಪೋರ್ಟು ಸಾಲದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನದ ಸಕ್ಕರೆ ಅದರ ಮೇಲೆ ಬರೆದಿರುತ್ತದೆ. 7ರ ಆಸುಪಾಸಿದ್ದರೆ ನಾನು ನಿಶ್ಚಿಂತೆಯಿಂದ ಕೆಲಸ ಶುರು ಮಾಡುತ್ತೇನೆ. 8 ದಾಟಿದ್ದರೆ ನಿಮ್ಮ ಶುಗರ್ ಡಾಕ್ಟರ ಜೊತೆ ಮಾತಾಡಿ, ಮೂರು ತಿಂಗಳು ಕಾಯುತ್ತೇನೆ. ಈ ಅವಧಿಯಲ್ಲಿ ವಸಡು ಸರಿಮಾಡುವ ಕೆಲಸ ನಡೆದಿರುತ್ತದೆ. ಆಪರೇಷನ್ ದಿನ ತಿಂಡಿ ತಿಂದು, ಎಂದಿನ ಮಾತ್ರೆ ನುಂಗಿ ಬೆಳಿಗ್ಗೆಯೇ ಬನ್ನಿ. ಶುಗರ್ ಕಡಿಮೆ ಕಾಣಲೆಂದು ಮಾತ್ರೆ ನುಂಗಿ ಉಪವಾಸ ಬಂದು, ಶುಗರ್ ತೀರಾ ಇಳಿದು ಕುರ್ಚಿಯಲ್ಲೇ ಬೆವತು ನಡುಗಿದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪ್ಲಾಸ್ಟಿಕ್ ದವಡೆ ಈಗ ಕೊನೆಯ ಸಾಲು ತಲುಪಿರಬೇಕು. ಇಗೋ, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಈ ಸಣ್ಣ ಬ್ರಷ್ಷನ್ನೂ ಕಳಿಸುತ್ತಿದ್ದೇನೆ. ಸ್ಕ್ರೂ ಹಲ್ಲಿಗೂ ಪಕ್ಕದ ಹಲ್ಲಿಗೂ ನಡುವಿನ ಸಂದಿಯಲ್ಲಿ, ವಸಡಿನ ಅಂಚಿಗೆ ತಾಗುವಂತೆ ತೂರಿಸಿ ನೋಡಿ. ಕಣ್ಣು ಮಂದವಾದವರು ಮನೆಯವರ ಕೈಗೆ ಕೊಡಿ, ಅವರೂ ಕಲಿಯಲಿ. ಮಾಮೂಲಿ ಬ್ರಷ್ ಮುಟ್ಟದ ಜಾಗ ಅದು.