ಹಬ್ಬಿನ ಮೇಲೆ ಸರಿಯಾಗಿ ಕೂರದ ಚಕ್ರ

ಕೇಳುಗರಿಗೆ ನಮಸ್ಕಾರ. ಹೊಸ ಟಯರ್ ಹಾಕಿಸಿ, ಬ್ಯಾಲೆನ್ಸಿಂಗ್ ಕೂಡ ಮಾಡಿಸಿದ ಮೇಲೆಯೂ ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದೊಡನೆ ಸ್ಟಿಯರಿಂಗ್ ನಡುಗುತ್ತಿದ್ದರೆ, ಆ ದೋಷವನ್ನು ಟಯರಿನಲ್ಲಿ ಹುಡುಕುವ ಮೊದಲು ಚಕ್ರವನ್ನು ಬಿಚ್ಚಿ ಅದರ ಬೆನ್ನನ್ನೊಮ್ಮೆ ನೋಡುವುದು ಒಳ್ಳೆಯದು. ಬ್ಯಾಲೆನ್ಸಿಂಗ್ ಯಂತ್ರವು ಚಕ್ರವನ್ನು ತನ್ನದೇ ಶುಭ್ರವಾದ ದಂಡಕ್ಕೆ ಬಿಗಿದು ತಿರುಗಿಸುವುದರಿಂದ, ನಿಮ್ಮ ಕಾರಿನ ಹಬ್ಬಿನ, ಅಂದರೆ ಚಕ್ರವನ್ನು ಕೂರಿಸಿ ಬಿಗಿಯುವ ತಿರುಗುವ ಲೋಹದ ಭಾಗದ, ಮೇಲಿರುವ ತುಕ್ಕು ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಕಾರಿನ ಭಾರವನ್ನೆಲ್ಲ ನಾಲ್ಕು ಸ್ಟಡ್‌ಗಳೇ, ಅಂದರೆ ನಟ್ಟು ತೊಡಿಸಲು ಹಬ್ಬಿನಿಂದ ಹೊರಚಾಚಿದ ಕಡ್ಡಿಗಳೇ, ಹೊರುತ್ತವೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ನಟ್ಟು ಮತ್ತು ಸ್ಟಡ್‌ಗಳು ಚಕ್ರದ ಬೆನ್ನನ್ನು ಹಬ್ಬಿನ ಮುಖಕ್ಕೆ, ಅಥವಾ ನಡುವೆ ಬ್ರೇಕ್ ಡಿಸ್ಕ್ ಇರುವ ಕಾರುಗಳಲ್ಲಿ ಆ ಡಿಸ್ಕಿನ ಮುಖಕ್ಕೆ, ಒತ್ತಿ ಹಿಡಿಯುತ್ತವೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಭಾರವನ್ನೂ ಬ್ರೇಕಿನ ಸೆಳೆತವನ್ನೂ ತಾಳಿಕೊಳ್ಳುತ್ತದೆ. ಬೀಸುವ ಕಲ್ಲುಗಳ ನಡುವೆ ಹರಳು ಸಿಕ್ಕಿದಾಗ ಮೇಲಿನ ಕಲ್ಲು ಓಲಾಡುವಂತೆ, ಈ ಎರಡು ಮುಖಗಳ ನಡುವೆ ತುಕ್ಕಿನ ಚೂರೊಂದು ಉಳಿದರೂ ಚಕ್ರ ವಾಲುತ್ತದೆ. ಹಬ್ಬಿನ ಮುಖದ ಅಗಲ ಸುಮಾರು 140 ಮಿಲಿಮೀಟರ್ ಇದ್ದು, ಟಯರಿನ ವ್ಯಾಸ 600 ಮಿಲಿಮೀಟರ್ ಇದ್ದರೆ, ಹಬ್ಬಿನ ಅಂಚಿನಲ್ಲಿ ಉಳಿದ ಅರ್ಧ ಮಿಲಿಮೀಟರ್ ತುಕ್ಕು ಟಯರಿನ ಅಂಚಿನಲ್ಲಿ ಎರಡು ಮಿಲಿಮೀಟರಿಗೂ ಮಿಕ್ಕಿದ ಓಲಾಟವಾಗುತ್ತದೆ. ಇದನ್ನು ಏರ್ ಗನ್ನಿನಿಂದ ಇನ್ನಷ್ಟು ಬಿಗಿದು ಸರಿಪಡಿಸಹೊರಟರೆ ಸ್ಟಡ್ ಎಳೆದುಕೊಳ್ಳುತ್ತದೆಯೇ ಹೊರತು ಚಕ್ರ ನೇರವಾಗುವುದಿಲ್ಲ. ಸಾಲದ್ದಕ್ಕೆ, ನಡುವಿನ ತುಕ್ಕು ಓಡಾಟದಲ್ಲಿ ಪುಡಿಯಾಗಿ ಉದುರಿದಾಗ ನಟ್ಟುಗಳ ಬಿಗಿ ತಾನಾಗಿಯೇ ಸಡಿಲುತ್ತದೆ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಈ ತೊಂದರೆಗೆ ಕಾರಣ ಹುಡುಕಬೇಕಾಗಿಲ್ಲ. ಮಳೆಗಾಲದುದ್ದಕ್ಕೂ ನೀರು ಮತ್ತು ಕೆಂಪು ರಾಡಿ, ಉಳಿದ ಕಾಲದಲ್ಲಿ ಕಡಲಿನ ಉಪ್ಪು ಗಾಳಿ. ಕಬ್ಬಿಣದ ಹಬ್ಬಿಗೆ ಎರಡೂ ಹಗೆಗಳೇ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಅದು ಉಬ್ಬಿ ನಿಲ್ಲುತ್ತದೆ. ಅಲಾಯ್ ಚಕ್ರವಾದರೆ, ಅಲ್ಯೂಮಿನಿಯಂ ಮತ್ತು ಕಬ್ಬಿಣದ ನಡುವೆ ಉಪ್ಪುನೀರು ಸೇರಿದಾಗ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಕಟ್ಟುತ್ತದೆ, ಮತ್ತು ನಟ್ಟುಗಳನ್ನೆಲ್ಲ ತೆಗೆದ ಮೇಲೂ ಚಕ್ರ ಹಬ್ಬಿನ ನಡುವಿನ ಗುಬುಟಕ್ಕೆ ಕಚ್ಚಿಕೊಂಡೇ ಇರುತ್ತದೆ. ಹಾಗೆ ಕಚ್ಚಿದಾಗ ಎರಡು ನಟ್ಟುಗಳನ್ನು ಕೆಲವೇ ಸುತ್ತು ತೊಡಿಸಿಟ್ಟು, ಟಯರಿನ ಒಳಬದಿಗೆ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಬಿಡಿಸಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಹೋಗಿ ಚಕ್ರಕ್ಕೆ ಒದೆಯುವ ರೂಢಿಯನ್ನು ಮಾತ್ರ ಬಿಡಲೇಬೇಕು.

ಚಕ್ರ ಹೊರಬಂದ ಮೇಲೆ ಹಬ್ಬಿನ ಮುಖವನ್ನೂ ಚಕ್ರದ ಬೆನ್ನನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಅನಂತರ ಪಾಲಿಶ್ ಕಾಗದದಿಂದ ಲೋಹ ಕಾಣುವವರೆಗೆ ತಿಕ್ಕಬೇಕು. ಸ್ಟಡ್ಡುಗಳ ಬುಡದಲ್ಲಿ ಬಳೆಯಂತೆ ಉಳಿಯುವ ತುಕ್ಕು ಬ್ರಷ್ಷಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆಯಾದ್ದರಿಂದ, ಅದನ್ನು ಮೊಂಡ ಚಾಕುವಿನಿಂದಾದರೂ ಕೆರೆದು ತೆಗೆಯಬೇಕು. ಗ್ರೈಂಡರ್ ಹಿಡಿಯುವುದು ಸಲ್ಲದು, ಏಕೆಂದರೆ ಅದು ತುಕ್ಕಿನ ಜೊತೆ ಲೋಹವನ್ನೂ ತಿಂದು ಮುಖವನ್ನೇ ಓರೆ ಮಾಡುತ್ತದೆ. ಬ್ರೇಕ್ ಡಿಸ್ಕನ್ನು ಹಿಡಿದಿರುವ ಪುಟ್ಟ ತಿರುಪಿನ ತಲೆ ಮೇಲೆದ್ದಿಲ್ಲವೆಂಬುದನ್ನೂ ಬೆರಳಾಡಿಸಿ ನೋಡಿ. ಗ್ರೀಸನ್ನು ನಡುವಿನ ಗುಬುಟಕ್ಕೆ ಮಾತ್ರ, ಅದೂ ತೆಳುವಾಗಿ ಸವರಿದರೆ ಸಾಕು. ಸ್ಟಡ್ಡಿನ ಮೇಲೆ ನಟ್ಟು ತಿರುಗುವ ಸುರುಳಿ ಗೀರುಗಳಿಗೆ ಜಿಡ್ಡು ತಗುಲಿದರೆ ಅದೇ ಬಿಗಿತಕ್ಕೆ ಸ್ಟಡ್ ಅಳತೆ ಮೀರಿ ಜಗ್ಗಲ್ಪಡುತ್ತದೆ.

ತುಕ್ಕಿಲ್ಲದಿದ್ದರೂ ಚಕ್ರ ಕೂರದಿದ್ದರೆ ಅಳತೆಯನ್ನು ಅನುಮಾನಿಸಬೇಕು. ಅಂಗಡಿಯಲ್ಲಿ ಕೊಳ್ಳುವ ಅಲಾಯ್ ಚಕ್ರಗಳ ನಡುರಂಧ್ರ ಹಲವು ಕಾರುಗಳಿಗೆ ಹೊಂದಲೆಂದು ದೊಡ್ಡದಾಗಿರುತ್ತದೆ, 73.1 ಮಿಲಿಮೀಟರ್ ಸಾಮಾನ್ಯ. ಮಾರುತಿಯ ಸಣ್ಣ ಕಾರುಗಳ ಗುಬುಟವಾದರೋ 54.1 ಮಿಲಿಮೀಟರ್. ನಡುವಿನ ಸಂದನ್ನು ತುಂಬುವ ಉಂಗುರ ಹಾಕದಿದ್ದರೆ ಚಕ್ರ ನಟ್ಟ ನಡುವೆ ನಿಲ್ಲುವುದು ಅದೃಷ್ಟದ ಮಾತು, ಮತ್ತು ನಮ್ಮ ಉಪ್ಪು ಗಾಳಿಗೆ ಈ ಉಂಗುರ ಪ್ಲಾಸ್ಟಿಕ್ಕಿನದಾದರೇ ವಾಸಿ, ಅದು ಕಚ್ಚಿಕೊಳ್ಳುವುದಿಲ್ಲ. ನಾಲ್ಕು ಸ್ಟಡ್ಡುಗಳ (ಕೆಲವು ಕಾರುಗಳಲ್ಲಿ ಬೋಲ್ಟುಗಳ) ನಡುವನ್ನು ಹಾದುಹೋಗುವ ವೃತ್ತದ ವ್ಯಾಸ ಕೆಲವು ಕಾರುಗಳಲ್ಲಿ 100 ಮಿಲಿಮೀಟರ್, ಕೆಲವು ಫಿಯೆಟ್ ಕಾರುಗಳಲ್ಲಿ 98. ಎರಡೇ ಮಿಲಿಮೀಟರಿನ ಈ ಅಂತರದಿಂದಾಗಿ ಚಕ್ರ ಸ್ಟಡ್ಡುಗಳೊಳಗೆ ತೂರಿದಂತೆ ಕಂಡರೂ ಮುಖಕ್ಕೆ ಮುಖ ಕೂಡುವುದಿಲ್ಲ. ನಟ್ಟಿನ ತಲೆ ಕೂರುವ ಜಾಗವೂ ಶಂಕುವಿನಾಕಾರದ್ದೋ ಗುಂಡನೆಯದೋ ಎಂದು ನೋಡಿ, ಅದಕ್ಕೆ ತಕ್ಕ ನಟ್ಟನ್ನೇ ಹಾಕಬೇಕು.

ಚಕ್ರ ಹಾಕುವಾಗ ನಟ್ಟುಗಳನ್ನು ಕೈಯಿಂದಲೇ ತಿರುಗಿಸಿ, ಎದುರುಬದುರಾಗಿ ಬಿಗಿಯುತ್ತ, ಚಕ್ರ ಇನ್ನೂ ಗಾಳಿಯಲ್ಲಿರುವಾಗಲೇ ಅದು ಹಬ್ಬಿಗೆ ಪೂರ್ತಿ ಒರಗಿದೆಯೆಂದು ಖಚಿತಪಡಿಸಿಕೊಳ್ಳಿ. ಅನಂತರ ಕಾರನ್ನು ಇಳಿಸಿ ಬಿಗಿತವನ್ನು ಅಳೆದು ಕೊಡುವ ಟಾರ್ಕ್ ಸ್ಪ್ಯಾನರಿನಿಂದ ಕೊನೆಯ ಬಿಗಿ ಕೊಡಿ; ಸಣ್ಣ ಕಾರುಗಳಿಗೆ ಇದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಇರುತ್ತದೆ, ನಿಖರವಾದ ಅಂಕಿ ಕಾರಿನೊಂದಿಗೆ ಕೊಟ್ಟ ಪುಸ್ತಿಕೆಯಲ್ಲಿದೆ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಕುಮಟಾದಲ್ಲಿ ಚಕ್ರ ಹಾಕಿಸಿಕೊಂಡು ದೇವಿಮನೆ ಘಟ್ಟ ಹತ್ತಿದವರು ಶಿರಸಿ ಮುಟ್ಟಿ, ಚಕ್ರ ತಣ್ಣಗಾದ ಮೇಲೆ ಈ ಕೆಲಸ ಮುಗಿಸಬಹುದು. ಸಡಿಲವಾಗಿಯೇ ಬಹಳ ದೂರ ಓಡಿದ ಚಕ್ರದ ಸ್ಟಡ್ ರಂಧ್ರಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಅದಕ್ಕೆ ವೆಲ್ಡಿಂಗಿನ ರಿಪೇರಿ ಇಲ್ಲ. ಅಂಥದನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳದೆ ಗುಜರಿಗೆ ಹಾಕಬೇಕು. ನಮಸ್ಕಾರ.