ಪೆಡಲ್ ಯಾರೂ ಒತ್ತಲಿಲ್ಲ, ಪ್ರೆಸ್ ಹೇಗೆ ಇಳಿಯಿತು?

ನಮಸ್ಕಾರ. ನಿಮ್ಮಲ್ಲೊಬ್ಬರ ಪ್ರಶ್ನೆ ಇದು: "ಸರ್, ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ 110 ವೋಲ್ಟನ್ನ ಮೇನ್ಸ್‌ನಿಂದ ಬೇರೆ ಮಾಡಿದ ಮೇಲೆ, ಅದರ ಒಂದು ತುದಿನ ಮತ್ತೆ ಅರ್ತ್‌ಗೆ ಯಾಕೆ ಕಟ್ತಾರೆ? ಸುಮ್ನೆ ಬಿಟ್ಟರೆ ಒಂದು ವೈರ್ ಮುಟ್ಟಿದ್ರೂ ಶಾಕ್ ಹೊಡೆಯಲ್ಲ ಅಲ್ವಾ?"

ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಅಂದರೆ ಮೆಷಿನ್ನಿನ ಬಟನ್, ಸ್ವಿಚ್‌ಗಳ ಸರ್ಕ್ಯೂಟಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಒಂದು ವೈರ್ ತರಚಿ ಮೆಷಿನ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ, ಫ್ಯೂಸ್ ಹೋಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಓಡುತ್ತದೆ. ಆಮೇಲೆ ಇನ್ನೊಂದು ವೈರ್ ಬೇರೆ ಕಡೆ ತಾಗುತ್ತದೆ. ಆಗ ಕರೆಂಟಿಗೆ ಸ್ಟಾಪ್ ಬಟನ್ನಿನ ಹಂಗೇ ಇಲ್ಲ, ಕಳ್ಳ ಹಿತ್ತಲಿನಿಂದ ಬಂದ ಹಾಗೆ ಮೆಷಿನ್ ಬಾಡಿಯ ಮೂಲಕವೇ ಕಾಯಿಲ್‌ಗೆ, ಅಂದರೆ ಕರೆಂಟ್ ಬಂದ ತಕ್ಷಣ ಮೆಷಿನ್ನನ್ನು ಓಡಿಸುವ ಸುರುಳಿಗೆ, ಬಂದುಬಿಡುತ್ತದೆ. ಮೆಷಿನ್ ಬಾಡಿ ಹೇಗೂ ಅರ್ತ್ ಆಗಿರುತ್ತದೆ; ಟ್ರಾನ್ಸ್‌ಫಾರ್ಮರಿನ ಒಂದು ತುದಿಯೂ ಅರ್ತ್ ಆಗಿದ್ದರೆ ಮೊದಲ ಸಲ ತಾಗಿದಾಗಲೇ ಶಾರ್ಟ್ ಆಗಿ ಫ್ಯೂಸ್ ಹಾರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಅರ್ತ್ ಮಾಡಿದ್ದೀವಿ ಅಂತ ನೆಮ್ಮದಿಯಾಗಿ ಇರಬೇಡಿ.

[ಸ್ಕ್ರೀನ್ ಮೇಲೆ ಎರಡು ಡ್ರಾಯಿಂಗ್]

ಪವರ್ ಪ್ರೆಸ್, ಅಂದರೆ ತಗಡನ್ನು ಒತ್ತಿ ಕತ್ತರಿಸುವ ಮೆಷಿನ್, ಅದಕ್ಕೊಂದು ಕಾಲಿನ ಪೆಡಲ್. ಎಡಗಡೆ: ಫ್ಯೂಸ್, ಪೆಡಲ್, ಕಾಯಿಲ್, ಅರ್ತ್ ಆದ ಕಾಮನ್ (ಟ್ರಾನ್ಸ್‌ಫಾರ್ಮರಿನ ಅರ್ತ್ ಆದ ತುದಿಯ ವೈರ್). ಬಲಗಡೆ: ಫ್ಯೂಸ್, ಕಾಯಿಲ್, ಪೆಡಲ್, ಕಾಮನ್. ಎರಡೂ ಕೆಲಸ ಮಾಡುತ್ತವೆ, ಟೆಸ್ಟ್ ಮಾಡಿದರೆ ಒಂದು ಚೂರೂ ವ್ಯತ್ಯಾಸ ಕಾಣುವುದಿಲ್ಲ. ಪೆಡಲ್ ವೈರ್ ಮಾತ್ರ ನೆಲದ ಮೇಲೆ ಎಣ್ಣೆ, ಕಬ್ಬಿಣದ ಚೂರುಗಳ ನಡುವೆ ಬಿದ್ದಿರುತ್ತದೆ, ಒಂದಲ್ಲ ಒಂದು ದಿನ ಕತ್ತರಿಸಿ ಬಾಡಿಗೆ ತಾಗುತ್ತದೆ. ಬಲಗಡೆಯ ಡ್ರಾಯಿಂಗಿನಲ್ಲಿ ಕಾಯಿಲ್‌ನಿಂದ ಪೆಡಲ್‌ಗೆ ಬರುವ ವೈರ್ ತಾಗಿತು ಅಂದುಕೊಳ್ಳಿ. ಪೆಡಲ್ ಮಾಡಬೇಕಿದ್ದ ಕೆಲಸವನ್ನು ಅರ್ತ್ ಮಾಡಿ ಮುಗಿಸುತ್ತದೆ. ಪ್ರೆಸ್ ಇಳಿಯುತ್ತದೆ! ಫ್ಯೂಸ್ ಯಾಕೆ ಹೋಗಲಿಲ್ಲ? ಹರಿಯುತ್ತಿರುವುದು ಕಾಯಿಲ್ ದಿನಾ ತೆಗೆದುಕೊಳ್ಳುವ ಕರೆಂಟೇ, ಜಾಸ್ತಿ ಏನಿಲ್ಲ.

ಎಡಗಡೆಯದರಲ್ಲಿ ಅದೇ ವೈರ್ ತಾಗಿದರೆ, ಪೆಡಲ್ ಒತ್ತಿದಾಗ ಫ್ಯೂಸ್ ಹಾರುತ್ತದೆ, ಪ್ರೆಸ್ ಇಳಿಯುವುದಿಲ್ಲ. ಅದಕ್ಕೇ ಮೆಷಿನ್‌ಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 60204-1 ಹೇಳುವುದು: ಕಾಯಿಲಿನ ಒಂದು ತುದಿ ನೇರ ಅರ್ತ್ ಆದ ಕಾಮನ್‌ಗೆ, ಸ್ವಿಚ್‌ಗಳೆಲ್ಲ ಇನ್ನೊಂದು ಕಡೆ. ಮೋಟಾರ್ ಜಾಸ್ತಿ ಕರೆಂಟ್ ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇ ಕಾಂಟ್ಯಾಕ್ಟ್‌ಗೆ ಮಾತ್ರ ರಿಯಾಯಿತಿ ಇದೆ, ಅದೂ ಪ್ಯಾನೆಲ್ ಒಳಗೇ, ಚಿಕ್ಕ ವೈರಿನಲ್ಲಿ ಇದ್ದರೆ. ಹಾಂ, ಕೇಬಲ್ ಜಜ್ಜಿ ಪೆಡಲಿನ ಎರಡು ವೈರೂ ಒಂದಕ್ಕೊಂದು ತಾಗಿದರೆ ಯಾವ ಅರ್ತಿಂಗೂ ಕಾಪಾಡುವುದಿಲ್ಲ. ಬರೀ ಪೆಡಲ್ ನಂಬಿ ಡೈ (ಪ್ರೆಸ್ಸಿನ ಅಚ್ಚು) ಒಳಗೆ ಕೈ ಹಾಕಿಸುವ ಓನರ್‌ಗಳಿಗೆ ಏನು ಹೇಳಬೇಕೋ ನನಗಂತೂ ಗೊತ್ತಿಲ್ಲ.

ಟೈಮ್ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಬೇಗ. ಮೇನ್ಸ್ ಕಡೆ ಹಾಕಿದ 30 ಮಿಲಿ ಆಂಪಿಯರ್ ಆರ್‌ಸಿಸಿಬಿಗೆ (ಕರೆಂಟ್ ಲೀಕ್ ಆದರೆ ಟ್ರಿಪ್ ಆಗುವ ಸ್ವಿಚ್) ಟ್ರಾನ್ಸ್‌ಫಾರ್ಮರ್ ಆಚೆಗಿನ ಲೀಕೇಜ್ ಕಾಣುವುದೇ ಇಲ್ಲ. ಅರ್ತ್ ಆದ 110 ವೋಲ್ಟ್ ಒಂದೇ ವೈರ್ ಮುಟ್ಟಿದರೂ ಹೊಡೆಯುತ್ತದೆ, ಹೊಸ ಮೆಷಿನ್‌ಗಳಲ್ಲಿ 24 ವೋಲ್ಟ್ ಡಿಸಿ ಬಂದಿರುವುದಕ್ಕೆ ಇದೂ ಒಂದು ಕಾರಣ. ಅರ್ತ್ ಮಾಡದೇ ಬಿಡಲೇಬೇಕಾದರೆ, ಮೊದಲ ವೈರ್ ಬಾಡಿಗೆ ತಾಗಿದಾಗಲೇ ತಿಳಿಸುವ ಇನ್ಸುಲೇಶನ್ ಮಾನಿಟರ್ ಹಾಕಿ. ಪ್ಯಾನೆಲ್ ಬಾಗಿಲ ಮೇಲೆ ಬಟನ್ ಇದ್ದರೆ ಬಾಗಿಲಿಗೂ ಹಸಿರು-ಹಳದಿ ವೈರ್ ಬೇಕು, ಪೇಂಟ್ ಬಳಿದ ಹಿಂಜ್ ಸಾಲುವುದಿಲ್ಲ.

ನಿಮ್ಮ ಮೆಷಿನ್ ಎಡಗಡೆಯದೋ ಬಲಗಡೆಯದೋ ನೋಡಬೇಕಾ? ಎಲೆಕ್ಟ್ರಿಷಿಯನ್ ಕೈಲಿ ಮೇನ್ ಆಫ್ ಮಾಡಿಸಿ, ಲಾಕ್ ಹಾಕಿಸಿ, ಕಂಟ್ರೋಲ್ ಫ್ಯೂಸ್ ತೆಗೆಸಿ. ಮಲ್ಟಿಮೀಟರ್ ಒಂದು ಕಡ್ಡಿ ಕಾಯಿಲಿನ ಕಾಮನ್ ಕಡೆಯ ತುದಿಗೆ, ಇನ್ನೊಂದು ಅರ್ತ್‌ಗೆ. ಪೆಡಲ್ ಮುಟ್ಟದೆಯೇ ಬೀಪ್ ಬಂದರೆ ಸರಿ. ಒತ್ತಿದಾಗ ಮಾತ್ರ ಬಂದರೆ ವೈರಿಂಗ್ ಬದಲಾಯಿಸುವವರೆಗೂ ಆ ಲಾಕ್ ತೆಗೆಯಬೇಡಿ.