ಗೈಡ್ ನಿಂತಲ್ಲಿ ನಿಲ್ಲಿ

ಎಲ್ಲರಿಗೂ ನಮಸ್ಕಾರ.

ಮಳೆಕಾಡಿಗೂ ಜೌಗು ಪ್ರದೇಶಗಳಿಗೂ ಹಕ್ಕಿ ನೋಡಲು ಹೊರಟಿರುವವರೇ ಈ ಸಭೆಯಲ್ಲಿ ಹೆಚ್ಚು ಎಂದು ಸಂಘಟಕರು ಹೇಳಿದ್ದಾರೆ. ದುರ್ಬೀನು ಹಿಡಿಯುವುದು ಹೇಗೆ, ಹಕ್ಕಿಪುಸ್ತಕ ಯಾವುದು ಒಳ್ಳೆಯದು ಎಂಬುದೆಲ್ಲ ನಿಮಗೆ ಗೊತ್ತು. ನಾನು ಹೇಳಬೇಕೆಂದು ಬಂದಿರುವುದು ಒಂದೇ ವಿಷಯ. ನಿಮ್ಮ ಗೈಡ್ ಎಲ್ಲಿ ನಿಲ್ಲುತ್ತಾರೋ ಅಲ್ಲಿ ನೀವೂ ನಿಲ್ಲಿ. ಅವರನ್ನು ಮುಂದಕ್ಕೆ ತಳ್ಳಬೇಡಿ.

ಇಷ್ಟು ಸಣ್ಣ ಮಾತಿಗೆ ಒಂದು ಉಪನ್ಯಾಸ ಬೇಕೇ ಎಂದು ಕೇಳಬಹುದು. ಬೇಕು. ಪ್ರವಾಸದ ಕರಪತ್ರಗಳನ್ನು ತೆಗೆದು ನೋಡಿ. ಇಷ್ಟು ದಿನ, ಇಷ್ಟು ನೂರು ಜಾತಿಯ ಹಕ್ಕಿಗಳು ಎಂದು ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಇರುತ್ತದೆ. ಆ ಸಂಖ್ಯೆ ಗೈಡ್‌ನ ಕುತ್ತಿಗೆಯ ಮೇಲೆ ಕೂತಿರುತ್ತದೆ. ಸಂಜೆ ಊಟದ ಮೇಜಿನಲ್ಲಿ ಪಟ್ಟಿ ತೆರೆದು ಗುರುತು ಹಾಕುವಾಗ ಯಾರದೋ ಮುಖ ಸಪ್ಪಗಾದರೆ ಮರುದಿನ ಗೈಡ್ ನಡಿಗೆ ಬಿರುಸಾಗುತ್ತದೆ. ನಡಿಗೆ ಬಿರುಸಾಯಿತೆಂದರೆ ಮಳೆಕಾಡು ಬಾಗಿಲು ಮುಚ್ಚಿಕೊಂಡಿತು ಎಂದೇ ಅರ್ಥ.

ಏಕೆಂದರೆ ಈ ಕಾಡು ಇರುವುದೇ ಹಾಗೆ. ಕಾಡಿನ ನೆತ್ತಿಯ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೋ ಎರಡೋ ಪಾಲು ನೆಲ ಮುಟ್ಟಿದರೆ ಹೆಚ್ಚು. ಹಕ್ಕಿಗಳಲ್ಲಿ ಎಷ್ಟೋ ಮೂವತ್ತು, ನಲವತ್ತು ಮೀಟರ್ ಎತ್ತರದಲ್ಲಿ, ನಿಮ್ಮ ಮತ್ತು ಆಕಾಶದ ನಡುವೆ ಕರಿಯ ಚುಕ್ಕಿಗಳಾಗಿ ಇರುತ್ತವೆ. ನೆಲದ ಹಕ್ಕಿಗಳ ಬಣ್ಣವೋ, ಉದುರಿದ ಎಲೆಯದೇ ಬಣ್ಣ. ಇಲ್ಲಿ ಕಣ್ಣಿಗಿಂತ ಮೊದಲು ಕೆಲಸ ಮಾಡುವುದು ಕಿವಿ. ಅಲ್ಲೇ ಹುಟ್ಟಿ ಬೆಳೆದ ಗೈಡ್ ಒಬ್ಬರು ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದಂತೆ ನಿಂತು ತಲೆಯನ್ನು ಸ್ವಲ್ಪ ಓರೆ ಮಾಡುತ್ತಾರೆ. ನಿಮಗೆ ಜೀರುಂಡೆಯ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅವರಿಗೆ ಆ ಸದ್ದಿನ ಅಡಿಯಲ್ಲಿ ಒಂದು ತೆಳುವಾದ ಸಿಳ್ಳು ಕೇಳಿಸಿದೆ. ಹಿಂದಿನಿಂದ ಒಬ್ಬರು ‘ಏನಿದೆ, ಏನಿದೆ’ ಎಂದು ಕೇಳುತ್ತಾರೆ. ಆ ಪ್ರಶ್ನೆಯೊಂದಿಗೆ ಸಿಳ್ಳೂ ಮುಗಿಯಿತು.

ಮಿಶ್ರ ಹಿಂಡುಗಳ ಸಂಗತಿ ನಿಮಗೆ ಗೊತ್ತಿರುವುದೇ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ, 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು ಅದು, ಹರಟೆಮಲ್ಲಗಳ ಜೊತೆ ಕಾಜಾಣಗಳು, ಅವುಗಳ ಹಿಂದೆ ಇನ್ನೂ ಹತ್ತಾರು ಜಾತಿಗಳು ಒಟ್ಟಾಗಿ ಮೇಯುತ್ತಾ ಸಾಗುತ್ತವೆ. ಹರಟೆಮಲ್ಲಗಳ ಗದ್ದಲಕ್ಕೆ ಹುಳುಗಳು ಏಳುತ್ತವೆ, ಕಾಜಾಣ ಕಾವಲು ಕಾಯುತ್ತದೆ, ನಡುನಡುವೆ ಎದ್ದ ಹುಳುವನ್ನು ತಾನೂ ಹಿಡಿಯುತ್ತದೆ. ಮುಕ್ಕಾಲು ಗಂಟೆ ಒಂದು ಹಕ್ಕಿಯೂ ಇಲ್ಲ. ಆಮೇಲೆ ಐದು ನಿಮಿಷದಲ್ಲಿ ಎಲ್ಲಿ ನೋಡಲಿ ಎಂದು ತೋಚದಷ್ಟು ಹಕ್ಕಿ! ಆ ಮುಕ್ಕಾಲು ಗಂಟೆಯನ್ನು ತಾಳಲಾರದೆ ಮುಂದೆ ನಡೆದವರ ಪಾಲಿಗೆ ಆ ಕಾಡು ಖಾಲಿ. ದಕ್ಷಿಣ ಅಮೆರಿಕದಲ್ಲಿ ಸೈನಿಕ ಇರುವೆಗಳ ದಂಡು ಹೊರಟಾಗಲೂ ಇದೇ ಕಥೆ. ಅದರ ಜೊತೆ ಸಾಗುವ ಇರುವೆಹಕ್ಕಿಗಳಿಗೆ ಬೇಕಾಗಿರುವುದು ಇರುವೆಗಳಲ್ಲ, ಇರುವೆಗಳಿಗೆ ಹೆದರಿ ಎಲೆಯಡಿಯಿಂದ ಹಾರಿ ಬರುವ ಜಿರಳೆ, ಮಿಡತೆ, ಜೇಡಗಳು. ಗೈಡ್ ಮೊದಲು ನೆಲ ನೋಡುತ್ತಾರೆ, ಇರುವೆ ಯಾವ ಕಡೆ ಹೋಗುತ್ತಿದೆ ಎಂದು ತಿಳಿದುಕೊಂಡು ಅದರ ಮುಂದೆ ಹೋಗಿ ನಿಲ್ಲುತ್ತಾರೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ ಎಂದು ಅವರು ಹೇಳಿದಾಗ ದಯವಿಟ್ಟು ಚರ್ಚೆಗೆ ಇಳಿಯಬೇಡಿ. ಇರುವೆಗಳು ಚರ್ಚೆ ಮುಗಿಯುವವರೆಗೆ ಕಾಯುವುದಿಲ್ಲ.

ಈಗ ನನಗೆ ಬಹಳ ಪ್ರಿಯವಾದ ಕಥೆಯೊಂದನ್ನು ಹೇಳುತ್ತೇನೆ. ಕೆಲವರು ಕೇಳಿರಬಹುದು, ಮತ್ತೆ ಕೇಳಿ.

ಈಕ್ವೆಡಾರ್‌ನ ವಾಯವ್ಯ ಭಾಗದಲ್ಲಿ, ಮಿಂಡೋ ಎಂಬ ಊರಿನ ಆಸುಪಾಸಿನ ಮಂಜುಕಾಡಿನಲ್ಲಿ ಆಂಗೆಲ್ ಪಾಸ್ ಎಂಬ ರೈತ. ಅವರ ಜಮೀನಿನ ಕಾಡಿನಲ್ಲಿ ‘ಕಾಕ್ ಆಫ್ ದ ರಾಕ್’ ಹಕ್ಕಿಗಳು ಬೆಳಗಿನ ಜಾವ ಸೇರಿ ಕುಣಿಯುವ ಜಾಗ ಇತ್ತು. ಅದನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ ಎಂದು ತಿಳಿದಾಗ ಅಲ್ಲಿಗೆ ಕಾಲುದಾರಿ ಕಡಿದರು. ಅಗೆದ ಆ ದಾರಿಗೆ ಎರೆಹುಳು ಅರಸಿ ಬಂದ ಹಕ್ಕಿ ಜಯಂಟ್ ಆಂಟ್‌ಪಿಟ್ಟಾ. ಗುಂಡನೆಯ ಮೈ, ಉದ್ದ ಕಾಲು, ಬಾಲ ಇದೆಯೋ ಇಲ್ಲವೋ ಎಂಬಂತಹ ಮೋಟು ಬಾಲ. ಎಷ್ಟೋ ಪಕ್ಷಿತಜ್ಞರಿಗೆ ಕೂಗು ಕೇಳಿಸಿದ್ದೇ ಭಾಗ್ಯ ಎನ್ನುವಷ್ಟು ಸಂಕೋಚದ ಹಕ್ಕಿ ಅದು.

ಪಾಸ್ ಏನು ಮಾಡಿದರು? ಹಕ್ಕಿಗೆ ಹುಳು ಎಸೆದರು. ಹಕ್ಕಿ ಓಡಿಹೋಯಿತು. ಮತ್ತೆ ಎಸೆದರು, ಮತ್ತೆ ಓಡಿತು. ಅವರು ಬಿಡಲಿಲ್ಲ. ದಿನವೂ ಹೋದರು, ಹುಳು ಇಟ್ಟರು, ಹಿಂದೆ ಸರಿದರು, ಕಾದರು. ಕೊನೆಗೆ ಒಂದು ದಿನ ಹಕ್ಕಿ ಆ ಹುಳುವನ್ನು ತೆಗೆದುಕೊಂಡಿತು. ಅದಕ್ಕೆ ಮರಿಯಾ ಎಂದು ಹೆಸರಿಟ್ಟರು. ಆಮೇಲೆ ‘ಮರಿಯಾ, ಬಾ ಬಾ’ ಎಂದು ಕರೆದರೆ, ಜೀವಮಾನವಿಡೀ ಆ ಹಕ್ಕಿಗಾಗಿ ಅಲೆದವರ ಕಾಲಬುಡಕ್ಕೇ ಅದು ಕುಪ್ಪಳಿಸುತ್ತಾ ಬರತೊಡಗಿತು. 2005ರ ಸುಮಾರಿನಲ್ಲಿ ಸುದ್ದಿ ಹಬ್ಬಿ ಜಗತ್ತಿನ ಹಕ್ಕಿಪ್ರೇಮಿಗಳು ಆ ಜಮೀನಿಗೆ ಬಂದರು. ಈ ಕ್ರಮವನ್ನು ಈಕ್ವೆಡಾರ್‌ನ ಬೇರೆ ಕಡೆಗಳಲ್ಲೂ ಕೊಲಂಬಿಯಾದಲ್ಲೂ ಜನ ಕಲಿತರು.

ಕಾಡುಹಕ್ಕಿಗೆ ಹುಳು ತಿನ್ನಿಸುವುದು ಸರಿಯೇ ಎಂಬ ವಾದ ಇದೆ, ಇರಲಿ. ನಾನು ಹೇಳುವುದು ಅದಲ್ಲ. ಆ ಮನುಷ್ಯ ನಿಂತರು. ಹಕ್ಕಿ ತನ್ನ ಸಮಯ ನೋಡಿಕೊಂಡು ಬರುವವರೆಗೆ ನಿಂತರು. ಅವರು ನಿಂತದ್ದರಿಂದ ಆ ಕಾಡೂ ನಿಂತಿತು. ಮರ ಕಡಿದರೆ ಒಮ್ಮೆ ಬರುವ ಹಣ, ಮರ ಉಳಿಸಿದರೆ ವರ್ಷ ವರ್ಷವೂ ಮನೆಗೆ ಬರುತ್ತದೆ ಎಂದು ಒಂದು ಕುಟುಂಬ ಕಂಡುಕೊಂಡಿತು. ಗೈಡ್‌ಗೆ ನೀವು ಕೊಡುವ ಹಣ ಹಕ್ಕಿ ತೋರಿಸಿದ ಕೂಲಿ ಮಾತ್ರ ಎಂದುಕೊಂಡಿದ್ದರೆ ಇದನ್ನು ನೆನಪಿಡಿ.

ಉಗಾಂಡಾದ ಮಬಾಂಬಾ ಜೌಗಿನಲ್ಲಿಯೂ ಇದೇ ನಡೆಯಿತು. ವಿಕ್ಟೋರಿಯಾ ಸರೋವರದ ಅಂಚಿನ ಜಾಗ, 2006ರಿಂದ ರಾಮ್ಸರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗೆಂದು ಗುರುತಿಸಿದ ಜಾಗ. ಅಲ್ಲಿರುವ ಶೂಬಿಲ್ ಆಳಿನ ಎದೆಯೆತ್ತರಕ್ಕೆ ಬರುವ ಹಕ್ಕಿ. ಲಂಗ್‌ಫಿಶ್ ಮೀನಿಗಾಗಿ ಮರದ ಕೊರಡಿನಂತೆ ಅಲುಗಾಡದೆ ನಿಲ್ಲುತ್ತದೆ. ಅದನ್ನು ಕಂಡ ದಿನ ಬಲೆಗೆ ಮೀನು ಬೀಳುವುದಿಲ್ಲ ಎಂದು ಮೀನುಗಾರರು ನಂಬಿ ಅಟ್ಟುತ್ತಿದ್ದರು, ಕೊಲ್ಲುತ್ತಲೂ ಇದ್ದರು. ಈಗ ಅದೇ ಸಮುದಾಯದ ಜನ ಕಿರಿದಾದ ದೋಣಿಯಲ್ಲಿ ನಿಮ್ಮನ್ನು ಕೂರಿಸಿಕೊಂಡು ಪಪೈರಸ್ ಹುಲ್ಲಿನ ನಡುವಿನ ಕಾಲುವೆಗಳಲ್ಲಿ ಕೋಲು ಊರುತ್ತಾ ಅದನ್ನು ಹುಡುಕಿ ತೋರಿಸುತ್ತಾರೆ. ಅವರು ದೋಣಿ ನಿಲ್ಲಿಸಿದ ದೂರವೇ ಸರಿಯಾದ ದೂರ. ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಎನ್ನಬೇಡಿ.

ಹತ್ತಿರ ಹೋಗುವ ಈ ಆಸೆ ಏನು ಮಾಡುತ್ತದೆ ಎಂಬುದಕ್ಕೆ ಮಂಗಟ್ಟೆಯ ಗೂಡನ್ನು ನೋಡಿ. ಹೆಣ್ಣು ಮರದ ಪೊಟರೆಯೊಳಗೆ ಕುಳಿತು ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಅದರ ಊಟ ಗಂಡಿನ ಗಂಟಲಲ್ಲಿ ಬರಬೇಕು. ಗಂಡು ಹಣ್ಣು ತಂದು ದೂರದ ಕೊಂಬೆಯಲ್ಲಿ ಕೂರುತ್ತದೆ, ಕೆಳಗೆ ಜನ ಕಂಡರೆ ಬರುವುದಿಲ್ಲ. ನಾವು ಫೋಟೋಕ್ಕಾಗಿ ಒಂದು ಗಂಟೆ ನಿಂತರೆ ಒಳಗಿರುವ ತಾಯಿಗೂ ಮರಿಗೂ ಒಂದು ಗಂಟೆ ಉಪವಾಸ. ಗೈಡ್ ‘ಸಾಕು, ಹೋಗೋಣ’ ಎಂದಾಗ ಹೊರಟುಬಿಡಿ. ನಿಲ್ಲಿ ಎಂದು ಇಷ್ಟು ಹೊತ್ತು ಹೇಳಿದವರು ಈಗ ಹೊರಡಿ ಎನ್ನುತ್ತೀರಲ್ಲ ಎಂದು ಮುಂದಿನ ಸಾಲಿನಲ್ಲಿ ಒಬ್ಬರು ನಗುತ್ತಿದ್ದಾರೆ. ಎರಡೂ ಒಂದೇ ಸ್ವಾಮಿ. ನಿಲ್ಲುವ ಹೊತ್ತೂ ಹೊರಡುವ ಹೊತ್ತೂ ಅವರದು.

ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿ ಕರೆಸುವ ವಿಷಯದಲ್ಲಿ ವಿಸ್ತಾರವಾಗಿ ಮಾತನಾಡಬೇಕೆಂದಿದ್ದೆ. ಚೀಟಿ ಬಂದಿದೆ, ಸಮಯ ಕಡಿಮೆ. ಇಷ್ಟು ಹೇಳುತ್ತೇನೆ. ಆ ಕೂಗಿಗೆ ಬರುವ ಗಂಡು, ತನ್ನ ಸೀಮೆಗೆ ಶತ್ರು ನುಗ್ಗಿದ್ದಾನೆಂದು ಬರುತ್ತದೆ. ಮೇಯುವುದನ್ನು ಬಿಟ್ಟು ಇಲ್ಲದ ಶತ್ರುವಿನ ಜೊತೆ ಕಾದಾಡುತ್ತದೆ. ಸ್ಪೀಕರ್ ಹಾಕಿ ಎಂದು ಗೈಡ್‌ಗೆ ನೀವು ಒತ್ತಾಯಿಸಬೇಡಿ. ಬೇಡ ಎನ್ನುವ ಗೈಡ್ ಸಿಕ್ಕರೆ ಒಳ್ಳೆಯವರು ಸಿಕ್ಕಿದ್ದಾರೆಂದು ತಿಳಿಯಿರಿ.

ಜೌಗಿನ ಬಗ್ಗೆ ಇನ್ನೆರಡು ಮಾತು. ಅಮೆಜಾನ್ ಕಡೆಯ ಹೋಟ್ಸಿನ್ ಎಂಬ ಹಕ್ಕಿಯ ಮರಿಯ ರೆಕ್ಕೆಯಲ್ಲಿ ಉಗುರುಗಳಿರುತ್ತವೆ. ಅಪಾಯ ಕಂಡರೆ ನೀರಿಗೆ ಬಿದ್ದು, ಆಮೇಲೆ ಆ ಉಗುರುಗಳಿಂದ ಕೊಂಬೆ ಹಿಡಿದು ಮೇಲೆ ಹತ್ತುತ್ತದೆ. ಅದನ್ನು ನೋಡಲೆಂದು ಯಾರೂ ದೋಣಿಯನ್ನು ಗೂಡಿನ ಕೆಳಗೆ ನುಗ್ಗಿಸಬಾರದು. ಟ್ರಿನಿಡಾಡ್‌ನ ಕ್ಯಾರೊನಿ ಜೌಗಿನಲ್ಲಿ ಸಂಜೆ ಕಡುಗೆಂಪು ಹಕ್ಕಿಗಳಾದ ಸ್ಕಾರ್ಲೆಟ್ ಐಬಿಸ್‌ಗಳು ಕಾಂಡ್ಲಾ ಗಿಡಗಳ ನಡುಗಡ್ಡೆಗೆ ಮರಳುವಾಗ ದೋಣಿಗಳನ್ನು ದೂರದಲ್ಲಿ ಕಟ್ಟಿ ಎಂಜಿನ್ ನಿಲ್ಲಿಸುತ್ತಾರೆ. ತಿನ್ನುವ ಏಡಿ ಸಿಗಡಿಗಳಿಂದ ಬಂದ ಕೆಂಪು ಅದು. ಆ ದೇಶದ ರಾಷ್ಟ್ರಪಕ್ಷಿಯಾಗಿದ್ದರೂ ಮಾಂಸಕ್ಕಾಗಿ ಕದ್ದು ಹೊಡೆಯುತ್ತಿದ್ದರು. 2018ರಲ್ಲಿ ಕಾನೂನು ಬಿಗಿ ಮಾಡಿದರು.

ಬಟ್ಟೆಯ ಬಣ್ಣ, ಇಂಬಳ, ಮಳೆಯಲ್ಲಿ ಕ್ಯಾಮೆರಾ, ಇವನ್ನೆಲ್ಲ ಬಿಡುತ್ತೇನೆ, ಗೈಡ್ ಹೇಳುತ್ತಾರೆ.

ಕೊನೆಗೆ ಒಂದು ಬೇಡಿಕೆ. ಪ್ರವಾಸ ಮುಗಿಸಿ ಬಂದು ಕಂಪನಿಯವರಿಗೆ ಅಭಿಪ್ರಾಯ ಬರೆಯುತ್ತೀರಲ್ಲ, ಅದರಲ್ಲಿ ಎಷ್ಟು ಜಾತಿ ಕಂಡೆವು ಎಂದು ಬರೆಯಬೇಡಿ. ಗೈಡ್‌ನ ಹೆಸರು ಬರೆಯಿರಿ. ಅವರು ಎಲ್ಲಿ ಎಷ್ಟು ಹೊತ್ತು ನಿಲ್ಲಿಸಿದರು, ಆ ಹೊತ್ತಿನಲ್ಲಿ ಏನು ನಡೆಯಿತು ಎಂದು ನಾಲ್ಕು ಸಾಲು ಬರೆಯಿರಿ. ಮುಂದಿನ ವರ್ಷದ ಕರಪತ್ರ ತಯಾರಾಗುವುದು ಆ ಸಾಲುಗಳನ್ನು ಓದಿಯೇ. ಪ್ರಶ್ನೆಗಳಿಗೆ ಇನ್ನೂ ಐದು ನಿಮಿಷ ಇದೆ, ಕೇಳಿ.